ಕಾರ್ಡ್ ಇದೆ ಅಂತ ಧೈರ್ಯ ಮಾಡಬೇಡ

ಕುಮಾರಸ್ವಾಮಿ ಲೇಔಟ್, ಎರಡನೇ ಹಂತ

ಪ್ರೀತಿಯ ಸೌಮ್ಯ,

ನೀನು ಬರೆದದ್ದನ್ನು ಅಣ್ಣನಿಗೆ ತೋರಿಸಿಲ್ಲ, ಅತ್ತಿಗೆಗೂ ಹೇಳಿಲ್ಲ. ಮೊದಲು ಆ ದಿಗಿಲು ಬಿಡು. ಫೋನಿನಲ್ಲೇ ಮಾತಾಡೋಣವೆಂದರೆ ನಿನ್ನ ಹೆಸರು ಕಂಡ ಕೂಡಲೇ ಅಣ್ಣ ಕೆಳಗಿನಿಂದ ಮಹಡಿ ಹತ್ತಿ ಬಂದು "ಸ್ಪೀಕರ್ ಹಾಕು" ಅಂತ ಕೂತುಬಿಡುತ್ತಾನೆ. ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲ ಸುಮಾರಾಗಿದೆ. ಅತ್ತಿಗೆಯ ಮಂಡಿನೋವು ಹಾಗೇ ಇದೆ. ಆದರೂ ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುವುದನ್ನು ತಪ್ಪಿಸಿಲ್ಲ. ಹರಕೆ ಯಾರದು ಅಂತ ಕೇಳಬೇಡ, ನಿನ್ನ ಸೊಂಟದ್ದೇ. ನಮ್ಮ ರಸ್ತೆಯನ್ನು ಮತ್ತೆ ಅಗೆದಿದ್ದಾರೆ, ಈ ಸಲ ಯಾವ ಪೈಪಿಗೆ ಅಂತ ಅಗೆದವರಿಗೂ ಗೊತ್ತಿದ್ದ ಹಾಗಿಲ್ಲ. ಸಂಜೆ ದಯಾನಂದ ಸಾಗರ್ ಕಡೆಯಿಂದ ನರ್ಸಿಂಗ್ ಹುಡುಗಿಯರು ಗುಂಪುಗುಂಪಾಗಿ ಇಳಿದು ಬರುತ್ತಾರೆ. ಬಸ್‌ಸ್ಟಾಪಿನಲ್ಲಿ ಅವರ ಮಾತಿಗೆ ಕಿವಿ ಕೊಟ್ಟರೆ ಎನ್‌ಕ್ಲೆಕ್ಸ್, ಐಇಎಲ್‌ಟಿಎಸ್, ವೀಸಾ. ಎಲ್ಲರಿಗೂ ನಿನ್ನ ದಾರಿಯೇ ಬೇಕು.

ಮೊನ್ನೆ ಪಾರ್ಕಿನಲ್ಲಿ ಅಣ್ಣನ ವಾಕಿಂಗ್ ಗುಂಪು ಪೇಪರಿನಲ್ಲಿ ಬಂದ ಗಾಂಜಾ ಸುದ್ದಿ ಹಿಡಿದುಕೊಂಡು ಕೂತಿತ್ತು. "ಇಂಥವರಿಗೆ ಬೇಲೇ ಕೊಡಬಾರದು ರೀ, ಒಳಗೆ ಹಾಕಬೇಕು" ಅಂದ ನಿನ್ನ ಅಪ್ಪ. ಪಕ್ಕದ ಬೆಂಚಿನಲ್ಲಿ ಕೂತಿದ್ದ ನನಗೆ ನಗುವೂ ಬಂತು, ಸಂಕಟವೂ ಆಯಿತು. ಅವನ ಮಗಳು ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರ ಚೀಟಿ ಇಟ್ಟುಕೊಂಡು ರಾತ್ರಿ ಗಾಂಜಾದ ಅರ್ಧ ಗಮ್ಮಿ ತಿಂದು ಮಲಗುತ್ತಾಳೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಅವನ ಮನಸ್ಸು ಕೆಟ್ಟದ್ದಲ್ಲ. ಗಾಂಜಾ ಅಂದರೆ ಕಾಲೇಜು ಗೇಟು, ಪೊಲೀಸು, ಹಾಳಾದ ಹುಡುಗರು, ಇಷ್ಟೇ ಅವನು ಕಂಡಿರುವುದು. ಅದೇ ಗಿಡ ಒಬ್ಬ ಸ್ಟಾಫ್ ನರ್ಸಿನ ಸೊಂಟದ ನೋವಿಗೂ ಬರುತ್ತದೆ ಅಂದರೆ ಅವನಿಗೆ ಅದನ್ನು ಇಡುವುದಕ್ಕೆ ತಲೆಯಲ್ಲಿ ಜಾಗವೇ ಇಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೇರೆ ರಾಜ್ಯದಲ್ಲಿ ಹದಿಮೂರು ವಾರದ ಕಾಂಟ್ರಾಕ್ಟ್ ಸಿಕ್ಕಿದೆ, ಸೇರುವ ಮುಂಚೆ ಹತ್ತು ಪ್ಯಾನೆಲ್ ಯೂರಿನ್ ಟೆಸ್ಟ್ ಇದೆ, "ಕಾರ್ಡ್ ಇದೆಯಲ್ಲ ಅತ್ತೆ, ಏನೂ ಆಗಲ್ಲ ತಾನೇ?" ಅಂತ ಕೇಳಿದ್ದೀಯ. ಆಗುತ್ತದೆ ಕಂದ. ಗಾಂಜಾ ಔಷಧಿಗೆ ಅಂತ ಕೊಟ್ಟ ಆ ಕಾರ್ಡ್ ನಂಬಿಕೊಂಡು ಟೆಸ್ಟಿಗೆ ಹೋಗಬೇಡ. ನನ್ನ ಹಳೇ ನರ್ಸಿಂಗ್ ಸ್ಟೂಡೆಂಟುಗಳು ಮೂರ್ನಾಲ್ಕು ಜನ ಅಮೆರಿಕದಲ್ಲೇ ಇದ್ದಾರೆ. ನಿನ್ನ ಹೆಸರೆತ್ತದೆ ಅವರನ್ನೆಲ್ಲ ಕೇಳಿದೆ, ಓದಬೇಕಾದ್ದನ್ನು ಓದಿದೆ, ಆಮೇಲೆ ಬರೆಯಲು ಕೂತೆ.

ಅಮಲಿನ ಔಷಧಿಯ ವಿಷಯದಲ್ಲಿ ನರ್ಸುಗಳನ್ನು ಯಾವ ಕಾಲದಲ್ಲೂ ಯಾರೂ ಪೂರ್ತಿ ನಂಬಿಲ್ಲ. ನಮ್ಮ ಕ್ಯಾನ್ಸರ್ ವಾರ್ಡಿನಲ್ಲಿ ಅಂಥ ಔಷಧಿ ಇಡುತ್ತಿದ್ದ ಡಿಡಿಎ ಕಬೋರ್ಡಿನ ಕಥೆ ನಿನಗೆ ಚಿಕ್ಕಂದಿನಲ್ಲಿ ಹೇಳಿದ್ದು ನೆನಪಿರಬಹುದು. ಗೋಡೆಯ ಬೀರು, ಅದರೊಳಗೆ ಇನ್ನೊಂದು ಪೆಟ್ಟಿಗೆ, ಎರಡು ಬೀಗ. ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್ ಸೊಂಟದಲ್ಲಿ. ಪ್ರತಿ ಶಿಫ್ಟಿಗೂ ಆಂಪ್ಯೂಲ್ ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ಕೊಟ್ಟವರೂ ತಗೊಂಡವರೂ ಸಹಿ ಮಾಡಬೇಕು. ಒಂದು ರಾತ್ರಿ ಸ್ಟೂಡೆಂಟ್ ಹುಡುಗಿಯೊಬ್ಬಳ ಕೈಜಾರಿ ಮಾರ್ಫಿನ್ ಆಂಪ್ಯೂಲ್ ನೆಲಕ್ಕೆ ಬಿತ್ತು. ಸಿಸ್ಟರ್ ಬೈಯಲಿಲ್ಲ. ಟಾರ್ಚ್ ಹಿಡಿದು ಮಂಡಿಯೂರಿ ಗಾಜಿನ ಚೂರುಗಳನ್ನೆಲ್ಲ ಫೋರ್ಸೆಪ್ಸಿನಲ್ಲಿ ಹೆಕ್ಕಿದರು, ಬ್ಯಾಚ್ ನಂಬರ್ ಇದ್ದ ಚೂರು ಸಿಗುವ ತನಕ ಏಳಲಿಲ್ಲ. ಅದನ್ನು ಲಕೋಟೆಗೆ ಹಾಕಿ, ಗೋಂದು ಹಚ್ಚಿ, ಮೇಲೆ ಇಬ್ಬರ ಸಹಿ. ಬೆಳಿಗ್ಗೆ ಮೇಟ್ರನ್ ನೋಡುವ ತನಕ ಆ ಹುಡುಗಿ ಒಂದು ಗುಟುಕು ನೀರು ಕುಡಿಯಲಿಲ್ಲ.

ಆ ಕಟ್ಟುನಿಟ್ಟು ಸರಿಯೇ ಅಂತ ಈಗಲೂ ಹೇಳುತ್ತೇನೆ. ಆ ಆಂಪ್ಯೂಲಿನ ಆಚೆ ತುದಿಯಲ್ಲಿ ನರಳುವ ಒಬ್ಬ ಮನುಷ್ಯ ಇರುತ್ತಾನೆ. ನರ್ಸ್ ತನಗೋಸ್ಕರ ಅದರಲ್ಲಿ ಒಂದು ಹನಿ ಕದ್ದರೆ ಅವನ ನೋವಿಗೆ ದಿಕ್ಕಿಲ್ಲ. ಆದರೆ ನಮ್ಮ ಕಾಲದಲ್ಲಿ ಬೀರುವಿನ ಲೆಕ್ಕ ಕೇಳುತ್ತಿದ್ದರು. ನಿಮ್ಮನ್ನು ಮೈಯೊಳಗಿನ ಲೆಕ್ಕ ಕೇಳುತ್ತಾರೆ. ಅದೂ ಇರಲಿ ಅನ್ನೋಣ, ಡ್ಯೂಟಿಯಲ್ಲಿ ಮತ್ತಿನಲ್ಲಿರುವ ನರ್ಸನ್ನು ಹಿಡಿಯಲೇಬೇಕು. ನನ್ನ ತಕರಾರು ಇರುವುದು ಆ ಟೆಸ್ಟ್ ಏನನ್ನು ಅಳೆಯುತ್ತದೆ ಎನ್ನುವುದರ ಬಗ್ಗೆ.

ಕುಡಿದ ಮದ್ಯ ಕೆಲವು ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಗಾಂಜಾದ ಟಿಎಚ್‌ಸಿ ಹಾಗಲ್ಲ. ಕೊಬ್ಬಿನಲ್ಲಿ ಹೋಗಿ ಕೂರುತ್ತದೆ, ಅಮಲು ಇಳಿದ ಮೇಲೂ ಅದರ ಪಳೆಯುಳಿಕೆ ಮೂತ್ರದಲ್ಲಿ ಸೋರುತ್ತಲೇ ಇರುತ್ತದೆ. ಅಪರೂಪಕ್ಕೆ ತಗೊಂಡವರಿಗೆ ಮೂರ್ನಾಲ್ಕು ದಿನ, ದಿನಾ ತಗೊಳ್ಳುವವರಿಗೆ ಮೂರ್ನಾಲ್ಕು ವಾರ, ಕೆಲವರಿಗೆ ಅದಕ್ಕೂ ಹೆಚ್ಚು. ಯೂರಿನ್ ಟೆಸ್ಟ್ ಹಿಡಿಯುವುದು ಆ ಪಳೆಯುಳಿಕೆಯನ್ನು. ಅದರಲ್ಲಿ ಅಮಲೇ ಇಲ್ಲ. ಹಬ್ಬ ಮುಗಿದು ಹದಿನೈದು ದಿನವಾದ ಮೇಲೆ ಒಣಗಿದ ತೋರಣ ನೋಡಿ "ಒಳಗೆ ಈಗ ಊಟ ನಡೀತಿದೆ" ಅಂದ ಹಾಗೆ ಇದು. ಶನಿವಾರ ರಾತ್ರಿ ಕಂಠಪೂರ್ತಿ ಕುಡಿದು ಸೋಮವಾರ ಬರುವವನು ಪಾಸು. ದಿನಾ ರಾತ್ರಿ ನೋವಿಗೆ ಅರ್ಧ ಗಮ್ಮಿ ತಿನ್ನುತ್ತಿದ್ದು ವಾರದ ಹಿಂದೆ ಬಿಟ್ಟವಳು ಫೇಲು. ಇದು ಅನ್ಯಾಯವೇ. ಆದರೆ ಅನ್ಯಾಯ ಅಂತ ಗೊತ್ತಿದ್ದ ಮಾತ್ರಕ್ಕೆ ಕೆಲಸ ಉಳಿಯುವುದಿಲ್ಲ.

ಅಲ್ಲಿಯ ಕಾನೂನು ನೋಡು, ಎಷ್ಟು ಗೋಜಲು. 1970ರ ಕೇಂದ್ರ ಕಾನೂನು ಗಾಂಜಾವನ್ನು ಹೆರಾಯಿನ್ ಪಕ್ಕದಲ್ಲೇ ಮೊದಲನೇ ಪಟ್ಟಿಯಲ್ಲಿ ಕೂರಿಸಿತು. 2024ರಲ್ಲಿ ಕೆಳಗಿನ ಪಟ್ಟಿಗೆ ಇಳಿಸುವ ಪ್ರಸ್ತಾಪ ಹೊರಟಿತು, ಪ್ರಸ್ತಾಪ ನಂಬಿಕೊಂಡು ಡ್ಯೂಟಿ ಮಾಡಲು ಬರುವುದಿಲ್ಲ. ನಿಮ್ಮ ಕ್ಯಾಲಿಫೋರ್ನಿಯಾದ ಜನ 1996ರಲ್ಲೇ ಮತ ಹಾಕಿ ಔಷಧಿಗೆ ಅಂತ ಒಪ್ಪಿಕೊಂಡರು. ಹಾಗಿದ್ದೂ ವಾಯುಪಡೆಯಲ್ಲಿದ್ದಾಗ ಬೆನ್ನು ಕೆಡಿಸಿಕೊಂಡ ಒಬ್ಬಾತ, ಡಾಕ್ಟರೇ ಬರೆದುಕೊಟ್ಟದ್ದನ್ನು ತಗೊಂಡವನು, ಟೆಸ್ಟಿನಲ್ಲಿ ಸಿಕ್ಕಿ ಕೆಲಸ ಕಳೆದುಕೊಂಡ. 2008ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕಂಪನಿಯ ಪರವಾಗಿಯೇ ಹೇಳಿತು: ಪೊಲೀಸರು ಹಿಡಿಯಬಾರದು ಅಂದರೆ ಧಣಿ ಕೆಲಸ ಕೊಡಲೇಬೇಕು ಅಂತಲ್ಲ. ಹದಿನಾರು ವರ್ಷ ಆ ತೀರ್ಪೇ ನಡೆಯಿತು. 2024ರ ಜನವರಿ 1ರಿಂದ ಹೊಸ ಕಾನೂನು ಬಂತು. ಅಮಲಿಲ್ಲದ ಆ ಪಳೆಯುಳಿಕೆ ಸಿಕ್ಕಿತು ಅಂತ, ಕೆಲಸದ ಹೊತ್ತಿನಾಚೆ ತಗೊಂಡದ್ದಕ್ಕೆ, ಅಲ್ಲಿ ಈಗ ತೆಗೆದುಹಾಕುವಂತಿಲ್ಲ. ನೀನು ಧೈರ್ಯವಾಗಿ ಇಷ್ಟು ದಿನ ಇದ್ದದ್ದು ಅದರ ನೆರಳಿನಲ್ಲಿ. ಕೇಂದ್ರದ ನಿಯಮ ಅನ್ವಯಿಸುವ ಕೆಲಸಗಳಿಗೆ ಆ ನೆರಳಿಲ್ಲ. ರಾಜ್ಯದ ಗಡಿ ದಾಟಿದರಂತೂ ಇಲ್ಲವೇ ಇಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳ ಕಡೆ ಮುಂದೆ ಯಾವತ್ತಾದರೂ ನೋಡುವ ಯೋಚನೆ ಇದ್ದರೆ ಇನ್ನೂ ಬಿಗಿ. ಕೇಂದ್ರ ಸರ್ಕಾರದ ನೌಕರರು ಡ್ಯೂಟಿಯ ಹೊರಗೂ ಮುಟ್ಟಬಾರದು ಅಂತ ರೇಗನ್ 1986ರಲ್ಲೇ ಆದೇಶ ಹೊರಡಿಸಿದ್ದಾರೆ.

ಗೆದ್ದವರೂ ಇದ್ದಾರೆ. ಕನೆಕ್ಟಿಕಟ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಸಂಸ್ಥೆಯೊಂದು ಒಬ್ಬ ಹೆಣ್ಣುಮಗಳಿಗೆ ಕೆಲಸ ಕೊಟ್ಟು, ಟೆಸ್ಟ್ ನೋಡಿ ಕಿತ್ತುಕೊಂಡಿತು. ಅಪಘಾತದ ನಂತರದ ಮನೋವ್ಯಥೆಗೆ ರಾತ್ರಿ ಹೊತ್ತು ತಗೊಳ್ಳುತ್ತಿದ್ದಳು, ಮೊದಲೇ ಹೇಳಿಯೂ ಇದ್ದಳು. 2018ರಲ್ಲಿ ಕೇಂದ್ರ ಕೋರ್ಟೇ ಅವಳ ಪರ ತೀರ್ಪು ಕೊಟ್ಟಿತು. ಇದನ್ನು ಓದಿ ನನಗೆ ಸಂತೋಷವಾಯಿತು. ಆದರೆ ಅವಳ ರಾಜ್ಯದ ಕಾನೂನಿನಲ್ಲಿ ಕೆಲಸದ ರಕ್ಷಣೆ ಅಂತ ಬರೆದಿತ್ತು, ಎಲ್ಲಾ ರಾಜ್ಯದಲ್ಲೂ ಬರೆದಿಲ್ಲ. ಮತ್ತೆ ಅವಳು ಕೋರ್ಟು ಹತ್ತಿ ವರ್ಷಗಟ್ಟಲೆ ಕಾದಳು. ಅಷ್ಟು ಕಾಲ ನಿನ್ನ ಮನೆಸಾಲದ ಕಂತು ಕಾಯುತ್ತದೆಯೇ?

ಒಂದು ವಿಚಿತ್ರ ಹೇಳುತ್ತೇನೆ. ಅದೇ ಟಿಎಚ್‌ಸಿಯನ್ನು ಲ್ಯಾಬಿನಲ್ಲಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ್ದು ಡ್ರೊನಾಬಿನಾಲ್. 1985ರಿಂದ ಅಲ್ಲಿ ಪರವಾನಗಿ ಇರುವ ಔಷಧಿ, ಕೀಮೋ ವಾಂತಿಗೆ ಕೊಡುತ್ತಾರೆ. ಅದನ್ನು ತಗೊಂಡು ಟೆಸ್ಟಿನಲ್ಲಿ ಪಾಸಿಟಿವ್ ಬಂದರೆ ಲ್ಯಾಬಿನ ಫಲಿತಾಂಶ ಪರಿಶೀಲಿಸುವ ಎಂಆರ್‌ಓ ಡಾಕ್ಟರು ಪ್ರಿಸ್ಕ್ರಿಪ್ಷನ್ ನೋಡಿ ಸರಿ ಅನ್ನುತ್ತಾರೆ. ಗಿಡದಿಂದ ಬಂದದ್ದಕ್ಕೆ ನಿನ್ನ ಡಾಕ್ಟರ ಚೀಟಿ ತೋರಿಸಿದರೆ, ಕೇಂದ್ರದ ನಿಯಮದಲ್ಲಿ ನಡೆಯುವ ಟೆಸ್ಟಾದರೆ, ಅದು ಪ್ರಿಸ್ಕ್ರಿಪ್ಷನ್ ಅಂತ ಲೆಕ್ಕಕ್ಕೇ ಬರುವುದಿಲ್ಲ. ಮೂತ್ರದಲ್ಲಿ ಸಿಕ್ಕುವುದು ಎರಡಕ್ಕೂ ಒಂದೇ.

ಕೆಲಸದ ಮಾತು ಹಾಗಿರಲಿ. ಒಂದು ಹೋದರೆ ಇನ್ನೊಂದು ಸಿಗುತ್ತದೆ, ಅಮೆರಿಕದಲ್ಲಿ ನರ್ಸಿಗೆ ಕೆಲಸದ ಬರವಿಲ್ಲ. ನನ್ನ ನಿದ್ದೆ ಕೆಡಿಸಿರುವುದು ನಿನ್ನ ಗ್ರೀನ್ ಕಾರ್ಡು. ಮುಂದಿನ ವರ್ಷ ಪೌರತ್ವಕ್ಕೆ ಅರ್ಜಿ ಹಾಕಬೇಕು ಅಂದಿದ್ದೆ. 2019ರ ಏಪ್ರಿಲ್‌ನಲ್ಲಿ ಅಲ್ಲಿಯ ವಲಸೆ ಇಲಾಖೆ ಸ್ಪಷ್ಟವಾಗಿ ಹೇಳಿದೆ: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಹೊಂದಿದ್ದೆ ಅಂತ ಒಪ್ಪಿಕೊಂಡರೆ ಅದು ನಡತೆಗೆ ಕಳಂಕವಾಗಬಹುದು, ಪೌರತ್ವ ನಿಲ್ಲಬಹುದು. ಯಾವ ಕೋರ್ಟೂ ಶಿಕ್ಷೆ ಕೊಟ್ಟಿರಬೇಕಾಗಿಲ್ಲ, ನಿನ್ನ ಬಾಯಿಮಾತೇ ಸಾಕು. ನಿನ್ನ ಜೊತೆಯ ಅಮೆರಿಕನ್ ಹುಡುಗಿಯರು "ಎಲ್ಲರೂ ತಗೊಳ್ತಾರೆ" ಅನ್ನುವುದು ನಿಜವೇ. ಅವರನ್ನು ವಿಮಾನ ಹತ್ತಿಸುವ ಊರಿಲ್ಲ. ನಿನಗಿದೆ. ಅದಕ್ಕೇ ಯಾವ ಫಾರಂ ತುಂಬುವ ಮುಂಚೆಯೂ, ಯಾವ ಎಚ್‌ಆರ್‌ಗೆ ಬಾಯಿ ಬಿಡುವ ಮುಂಚೆಯೂ ವಲಸೆ ಕಾನೂನು ಗೊತ್ತಿರುವ ಲಾಯರ್ ಹತ್ತಿರ ಕೂತು ಎಲ್ಲ ಹೇಳು. ಸಾಮಾನ್ಯ ಲಾಯರ್ ಬೇಡ.

ದೀಪಾವಳಿಗೆ ಬರುವಾಗ ಬ್ಯಾಗಿನ ಮೂಲೆಯಲ್ಲೂ ಒಂದು ಗಮ್ಮಿ ಇರಬಾರದು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಗೆ ಅಲ್ಲಿಯ ಡಾಕ್ಟರ ಚೀಟಿ ಕಾಗದದ ಚೂರು. ಇಲ್ಲಿ ಬಂದ ಮೇಲೆ "ಆಯುರ್ವೇದದಲ್ಲಿ ಸಿಗುತ್ತಂತೆ" ಅಂತ ಯಾರಾದರೂ ಹೇಳಬಹುದು, ಸುಳ್ಳಲ್ಲ. ಹೂವಿನ ತುದಿ ಬಿಟ್ಟು ಬರೀ ಎಲೆಯನ್ನು ಆ ಕಾಯ್ದೆ ಗಾಂಜಾ ಅನ್ನುವುದಿಲ್ಲ. ಆ ಸಂದಿನಲ್ಲಿಯೇ 'ವಿಜಯಾ' ಹೆಸರಿನ ಎಣ್ಣೆ, ಮಾತ್ರೆಗಳು ಆಯುರ್ವೇದ ವೈದ್ಯರ ಚೀಟಿಯ ಮೇಲೆ ಮಾರಾಟವಾಗುತ್ತವೆ. 2020ರಲ್ಲಿ ಕೋರಮಂಗಲದಲ್ಲೇ ಅದಕ್ಕೆಂದು ಒಂದು ಕ್ಲಿನಿಕ್ ತೆರೆದಿತ್ತು. ಬೇಗೂರು ಪೊಲೀಸರು 2022ರಲ್ಲಿ 29 ಕೆಜಿ ಭಂಗಿ ಹಿಡಿದ ಕೇಸಿನಲ್ಲಿ ನಮ್ಮ ಹೈಕೋರ್ಟು ಭಂಗಿ ಆ ಕಾಯ್ದೆಯ ನಿಷೇಧದಲ್ಲಿ ಬರುವುದಿಲ್ಲ ಅಂತ ಹೇಳಿ ಜಾಮೀನು ಕೊಟ್ಟಿತು. ನಿನ್ನ ಅಪ್ಪನ ವಾಕಿಂಗ್ ಗುಂಪಿಗೆ ಇದು ಗೊತ್ತಿಲ್ಲ, ನಾನೂ ಹೇಳಲು ಹೋಗಿಲ್ಲ. ಆದರೆ ಎಲೆಯಲ್ಲೂ ಟಿಎಚ್‌ಸಿ ಇರುತ್ತದೆ, ನಿನ್ನ ಟೆಸ್ಟಿಗೆ ಹೈಕೋರ್ಟಿನ ಆದೇಶ ಓದಲು ಬರುವುದಿಲ್ಲ. "ಇದರಲ್ಲಿ ಬರೀ ಸಿಬಿಡಿ, ಏನೂ ಆಗಲ್ಲ" ಅನ್ನುವ ಎಣ್ಣೆಯನ್ನೂ ನಂಬಬೇಡ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದಕ್ಕೆ ಅಂಥ 84 ಸರಕು ತರಿಸಿ ಪರೀಕ್ಷಿಸಿದ್ದರು. ಲೇಬಲಿನಲ್ಲಿ ಬರೆದಷ್ಟೇ ಒಳಗಿದ್ದದ್ದು 26ರಲ್ಲಿ, ಟಿಎಚ್‌ಸಿ ಸಿಕ್ಕಿದ್ದು 18ರಲ್ಲಿ.

ಇನ್ನೆರಡು ಸಣ್ಣ ವಿಷಯ, ನಮ್ಮ ಮನೆಯವೇ. ನೀನು ಹೊಟ್ಟೆ ಉರಿಗೆ ಇಲ್ಲಿಂದ ಪ್ಯಾನ್-40 ಸ್ಟ್ರಿಪ್‌ಗಟ್ಟಲೆ ತರಿಸಿಕೊಳ್ಳುತ್ತೀಯಲ್ಲ, ಆ ಪ್ಯಾಂಟೊಪ್ರಜೋಲ್ ಕೆಲವೊಮ್ಮೆ ಮೊದಲ ಸುತ್ತಿನ ಟೆಸ್ಟಿನಲ್ಲಿ ಗಾಂಜಾ ಅಂತ ಸುಳ್ಳು ಹೇಳುತ್ತದೆ. ಕಂಪನಿಯೇ ಔಷಧಿಯ ಮಾಹಿತಿಯಲ್ಲಿ ಬರೆದಿದೆ. ಎರಡನೇ ಸುತ್ತಿನ ಪಕ್ಕಾ ಪರೀಕ್ಷೆಯಲ್ಲಿ ಆ ಸುಳ್ಳು ನಿಲ್ಲುವುದಿಲ್ಲ, ಯಾವ ಟೆಸ್ಟಾದರೂ ಅದನ್ನು ಕೇಳಿ ಮಾಡಿಸು. ಇನ್ನೊಂದು ಗಸಗಸೆ. ಗಸಗಸೆ ಪಾಯಸ ಕುಡಿದ ಮೇಲೆ ಮೂತ್ರದಲ್ಲಿ ಮಾರ್ಫಿನ್ ಕಾಣಿಸಬಹುದು. ಇದು ತಮಾಷೆಯಲ್ಲ. ಇದೇ ಕಾರಣಕ್ಕೆ 1998ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ತನ್ನ ಟೆಸ್ಟಿನ ಮಿತಿಯನ್ನು 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು. ಖಾಸಗಿಯವರು ಆ ಮಿತಿಯನ್ನೇ ಪಾಲಿಸಬೇಕೆಂದಿಲ್ಲ. 2023ರಲ್ಲಿ ಅವರ ರಕ್ಷಣಾ ಇಲಾಖೆ ಸೈನಿಕರಿಗೆಲ್ಲ ಗಸಗಸೆ ಬಿಟ್ಟುಬಿಡಿ ಅಂತ ಹೇಳಿತು. ದುಬೈಗೆ ಹೋಗುವವರು ಪೊಟ್ಟಣ ಒಯ್ದರೆ ಏನಾಗುತ್ತದೆ ಅಂತ ನಿನಗೇ ಗೊತ್ತು. ಆದ್ದರಿಂದ ಈ ಸಲ ಊರಿಂದ ಹೊರಡುವ ಹಿಂದಿನ ರಾತ್ರಿ ಗಸಗಸೆ ಪಾಯಸ ಇಲ್ಲ, ಶಾವಿಗೆಯದ್ದು ಮಾಡುತ್ತೇನೆ.

ಔಷಧಿ ಕೆಲಸ ಮಾಡುತ್ತದೆಯೇ ಅಂದರೆ, ನಿನಗೆ ನಿದ್ದೆ ಬಂತಲ್ಲ, ಅದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಇದ್ದಬದ್ದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ದೊಡ್ಡವರ ದೀರ್ಘಕಾಲದ ನೋವಿಗೆ ಇದು ಪ್ರಯೋಜನವಾಗುತ್ತದೆ ಅಂದವು. ನೋವಿನ ಬಗ್ಗೆಯೇ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಘ 2021ರಲ್ಲಿ, ಪುರಾವೆ ಸಾಲದು, ನಾವು ಶಿಫಾರಸು ಮಾಡುವುದಿಲ್ಲ ಅಂದಿತು. ದೊಡ್ಡವರೇ ಜಗಳ ಮುಗಿಸಿಲ್ಲ. ನೀನು ಅಫೀಮಿನ ಜಾತಿಯ ನೋವಿನ ಮಾತ್ರೆ ಬೇಡ ಅಂದದ್ದು ಜಾಣತನವೇ, ಆ ಮಾತ್ರೆಗೆ ಬಿದ್ದವರನ್ನು ನಿನ್ನ ವಾರ್ಡಿನಲ್ಲೇ ನೋಡಿದ್ದೀಯ. ಆದರೆ ಫಿಸಿಯೋಥೆರಪಿಯನ್ನು ಅರ್ಧಕ್ಕೆ ಬಿಟ್ಟೆಯಲ್ಲ ಕಣೇ. ಡಾಕ್ಟರ ಹತ್ತಿರ ಹೋಗಿ "ನನಗೆ ಟೆಸ್ಟ್ ಇರುತ್ತೆ, ನನ್ನ ಪೌರತ್ವದ ವಿಷಯ ಹೀಗಿದೆ, ಬೇರೆ ಏನು ಕೊಡ್ತೀರಿ" ಅಂತ ನೇರ ಕೇಳು. ಇದನ್ನು ಕೇಳುವ ಪೇಷೆಂಟ್ ಕಮ್ಮಿ, ಹೇಳುವ ಡಾಕ್ಟರ್ ಇನ್ನೂ ಕಮ್ಮಿ. ಮತ್ತೆ ಇನ್ನು ಮೇಲೆ ಒಬ್ಬಳೇ ಪೇಷೆಂಟ್ ಎತ್ತಬೇಡ. ನಿಮ್ಮಲ್ಲಿ ಎತ್ತುವ ಯಂತ್ರ ಇದೆಯಂತಲ್ಲ, ಅದು ಬರುವ ತನಕ ಕಾಯಿ. ನಮ್ಮ ಕಾಲದಲ್ಲಿ ಯಂತ್ರ ಅಂದರೆ ಆಯಾ ಮತ್ತೆ ನಾನು.

ನಿನ್ನನ್ನು ಅಪರಾಧಿ ಅಂತ ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ. 1985ರ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಲೈಸೆನ್ಸಿನ ಭಯಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿಯಾಗಿ ಸ್ವಲ್ಪ ಸಲೀಸಾಯಿತು. ಅದಕ್ಕೂ ಮುಂಚೆ, ಕೊನೆಯ ಹಂತದ ಪೇಷೆಂಟುಗಳ ಮನೆಯವರು ಒಂದು ಮಾತ್ರೆಗೆ ಊರೂರು ಅಲೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಮಾರತಹಳ್ಳಿಯ ಕರುಣಾಶ್ರಯದಂಥ ಜಾಗದಲ್ಲಿ ದುಡ್ಡಿಲ್ಲದೆ, ನೋವಿಲ್ಲದೆ ಪ್ರಾಣ ಬಿಟ್ಟವರನ್ನು ನೋಡಿದಾಗಲೇ ಔಷಧಿಯ ಬೆಲೆ ನನಗೆ ಅರ್ಥವಾದದ್ದು. ಕಾನೂನು ಔಷಧಿಗೆ ಹೆದರಿದಾಗ ನರಳುವುದು ರೋಗಿ. ಈಗ ಆ ರೋಗಿ ನೀನಾಗಿದ್ದೀಯ, ಯೂನಿಫಾರಂ ಹಾಕಿಕೊಂಡೇ.

ಆದರೆ ಕೇಳು. ಟೆಸ್ಟಿಗೆ ಯಾರದೋ ಮೂತ್ರ, ಅಂಗಡಿಯಲ್ಲಿ ಸಿಗುವ ಪುಡಿ, "ಡಿಟಾಕ್ಸ್" ಅನ್ನುವ ನೀರು, ಇವುಗಳ ಹತ್ತಿರ ಸುಳಿಯಬೇಡ. ಗಾಂಜಾ ಸಿಕ್ಕರೆ ಅದು ನೋವಿನ ಕಥೆ. ಮೋಸ ಸಿಕ್ಕರೆ ಅದು ಲೈಸೆನ್ಸಿನ ಕಥೆ, ನರ್ಸಿಂಗ್ ಬೋರ್ಡಿನ ಮುಂದೆ ನಿಂತರೆ ನಿನ್ನ ಸೊಂಟದ ಎಂಆರ್‌ಐ ಯಾರೂ ನೋಡುವುದಿಲ್ಲ. ನಿಗಾ ಕಾರ್ಯಕ್ರಮಕ್ಕೆ ಬಿದ್ದ ನರ್ಸುಗಳ ಪಾಡು ಕೇಳಿದೆ: ಇವತ್ತು ನನ್ನ ಸರದಿಯೇ ಅಂತ ದಿನಾ ಬೆಳಿಗ್ಗೆ ವಿಚಾರಿಸಬೇಕು, ಕರೆದರೆ ಎಲ್ಲಿದ್ದರೂ ಹೋಗಿ ಮಾದರಿ ಕೊಡಬೇಕು, ಅದೂ ವರ್ಷಗಟ್ಟಲೆ. ಡ್ಯೂಟಿಯ ಮುಂಚೆ, ಡ್ಯೂಟಿಯ ನಡುವೆ ಅದನ್ನು ಮುಟ್ಟುವುದಿಲ್ಲ ಅಂತ ನೀನು ಬರೆದದ್ದನ್ನು ನಂಬಿದ್ದೇನೆ. ಆ ಒಂದು ವಿಷಯದಲ್ಲಿ ಮಾತ್ರ ನನಗೆ ನಿನಗಿಂತ ನಿನ್ನ ಪೇಷೆಂಟ್ ಹೆಚ್ಚು.

ನನ್ನ ಮಾತು ಕೇಳುವುದಾದರೆ ಈ ಕಾಂಟ್ರಾಕ್ಟ್ ಬಿಡು. ದುಡ್ಡು ಹೆಚ್ಚಿದೆ, ಗೊತ್ತು. ಮನೆಯಲ್ಲೂ ಹಾಗೆಯೇ ಹೇಳು, ನಾನು ಹೇಳಿದೆ ಅಂತ ಬೇಕಾದರೂ ಹೇಳು. ಇರುವ ಆಸ್ಪತ್ರೆಯಲ್ಲೇ ಇನ್ನೊಂದು ವರ್ಷ ಇರು, ಪೌರತ್ವದ ಕೆಲಸ ಮುಗಿಯುವ ತನಕ ಆ ಗಮ್ಮಿ ಬೇಡ. ನಿದ್ದೆ ಹಾರುತ್ತದೆ, ಮೊದಲ ವಾರಗಳು ಕಷ್ಟವೇ. ರಾತ್ರಿ ಎಚ್ಚರವಾದಾಗೆಲ್ಲ ನನಗೆ ಫೋನ್ ಮಾಡು, ಇಲ್ಲಿ ಆಗ ಮಧ್ಯಾಹ್ನ, ನಾನು ಸುಮ್ಮನೆ ಕೂತಿರುತ್ತೇನೆ.

ಲಾಯರ್ ಹತ್ತಿರ ಮಾತಾಡಿದ ದಿನವೇ ನನಗೆ ತಿಳಿಸು. ಆಮೇಲೆ ನಿನ್ನ ಅಪ್ಪನಿಗೆ ನೀನೇ ಹೇಳು, ಸೊಂಟದ ವಿಷಯ ಪೂರ್ತಿ ಹೇಳು, ಗಮ್ಮಿಯದೂ ಸೇರಿಸಿ. ಅವನು ಎರಡು ದಿನ ಕೂಗಾಡುತ್ತಾನೆ, ಮೂರನೇ ದಿನ ಅಲ್ಲಿಗೆ ಬರಲು ಟಿಕೆಟ್ ಎಷ್ಟು ಅಂತ ನನ್ನನ್ನು ಕೇಳುತ್ತಾನೆ.

ನಿನ್ನ
ಅತ್ತೆ